ಬಾರದವರ ಪಟ್ಟಿ ಯಾರ ಬಳಿ ಇದೆ?

(ತಾಲ್ಲೂಕು ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ಆರೋಗ್ಯ ವ್ಯವಸ್ಥೆಯ ಸುಧಾರಣೆ ಕುರಿತು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ನಮ್ಮ ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ಕಟ್ಟಿದ್ದು ಬಂದು ಹೋಗುವ ಕಾಯಿಲೆಗಳಿಗಾಗಿ. ಕಾಲರಾ, ಸಿಡುಬು, ಮಲೇರಿಯಾ, ಮಕ್ಕಳ ವಾಂತಿ-ಭೇದಿ, ಜೊತೆಗೆ ಹೆರಿಗೆ. ಜ್ವರ ಬಂತು, ಆಸ್ಪತ್ರೆಗೆ ಹೋದರು, ಸೂಜಿ ಹಾಕಿಸಿಕೊಂಡರು, ಜ್ವರ ಬಿಟ್ಟಿತು, ಹೊಲಕ್ಕೆ ಹೋದರು. ರೋಗಿ ಮತ್ತೆ ಬರಲಿಲ್ಲವೆಂದರೆ ವಾಸಿಯಾಯಿತು ಅಂತ ಲೆಕ್ಕ. ಬಾರದವರ ಬಗ್ಗೆ ಡಾಕ್ಟರು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ.

ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಮೈಸೂರು ಸಂಸ್ಥಾನದಲ್ಲಿ 1920ರ ದಶಕದ ಕೊನೆಯ ಹೊತ್ತಿಗೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾಗಿತ್ತು. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಹೇಳಲು 1943ರಲ್ಲಿ ನೇಮಕಗೊಂಡ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಸಿಡುಬು ಹೋಯಿತು, ಪೋಲಿಯೊ ಹೋಯಿತು, ಹೆರಿಗೆಯಲ್ಲಿ ಸಾಯುವ ತಾಯಂದಿರ ಸಂಖ್ಯೆ ಇಳಿಯಿತು. ಸರ್ಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುವವರು ಈ ಲೆಕ್ಕವನ್ನು ಸುಲಭವಾಗಿ ಮರೆತುಬಿಡುತ್ತಾರೆ.

ಆದರೆ ಕಾಯಿಲೆಗಳೇ ಬದಲಾದವು. ದೇಶದ ರೋಗಭಾರವನ್ನು, ಅಂದರೆ ಕಾಯಿಲೆಗಳಿಂದ ಕಳೆದುಹೋಗುವ ಆಯುಷ್ಯ, ಆರೋಗ್ಯದ ಒಟ್ಟು ಲೆಕ್ಕವನ್ನು, ರಾಜ್ಯವಾರು ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 1990ರಲ್ಲಿ ಒಟ್ಟು ರೋಗಭಾರದ ಶೇ 61 ಭಾಗ ಸಾಂಕ್ರಾಮಿಕ ರೋಗ, ಹೆರಿಗೆ, ಎಳೆಗೂಸುಗಳ ತೊಂದರೆ ಮತ್ತು ಅಪೌಷ್ಟಿಕತೆಯದ್ದಾಗಿತ್ತು. 2016ಕ್ಕೆ ಅದು ಶೇ 33ಕ್ಕೆ ಇಳಿದಿತ್ತು. ಹೃದ್ರೋಗ, ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಮುಂತಾದವುಗಳ ಪಾಲು ಶೇ 30ರಿಂದ 55ಕ್ಕೆ ಏರಿತ್ತು. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ 10 ಲಕ್ಷ. ಥಾಯ್ಲೆಂಡ್, ಕೀನ್ಯಾ, ಮೆಕ್ಸಿಕೊ, ಬಾಂಗ್ಲಾದೇಶ, ಎಲ್ಲಿ ನೋಡಿದರೂ ದಿಕ್ಕು ಇದೇ. ಶ್ರೀಮಂತ ದೇಶಗಳು ಮೊದಲು ಹಣ ಮಾಡಿಕೊಂಡು ಆಮೇಲೆ ಈ ಕಾಯಿಲೆಗಳನ್ನು ಕಂಡವು. ನಮಗೆ ಡೆಂಗಿಯೂ ಕ್ಷಯವೂ ಹೋಗುವ ಮೊದಲೇ ಬಿಪಿ, ಶುಗರ್ ಬಂದು ಕೂತಿವೆ.

ಬಂದು ಕೂತವು ಏಳುವುದೂ ಇಲ್ಲ, ತೊಂದರೆ ಅದೇ. ಈಗ ಒಬ್ಬರು ಆಸ್ಪತ್ರೆಗೆ ಬರುವುದನ್ನು ಬಿಟ್ಟರೆ ವಾಸಿಯಾಯಿತು ಅಂತಲ್ಲ, ಮಾತ್ರೆ ಬಿಟ್ಟರು ಅಂತ. ಮುಂದೆ ಅವರು ಬರುವುದು ಆಂಬುಲೆನ್ಸಿನಲ್ಲಿ, ಬಾಯಿ ಒಂದು ಕಡೆ ವಾಲಿಕೊಂಡು.

ಒಂದು ಲೆಕ್ಕ ಮಾಡೋಣ, ಪೆನ್ನು ಬೇಡ, ಬಾಯಿಲೆಕ್ಕ ಸಾಕು. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30 ಸಾವಿರ ಜನ ಎಂಬುದು ಸರ್ಕಾರದ ಮಾನದಂಡ. ಅದರಲ್ಲಿ ವಯಸ್ಕರು ಸುಮಾರು 20 ಸಾವಿರ ಎಂದಿಟ್ಟುಕೊಳ್ಳಿ. ನಾಲ್ವರಲ್ಲಿ ಒಬ್ಬರಿಗೆ ಬಿಪಿ ಇದೆ ಎನ್ನಿ. ಇದು ಕೈ ಹಿಡಿದು ಹೇಳುತ್ತಿರುವ ಸಂಖ್ಯೆ, ಐಸಿಎಂಆರ್ ಅಧ್ಯಯನದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚೇ ಇತ್ತು. ನಾಲ್ವರಲ್ಲಿ ಒಬ್ಬರೆಂದರೂ ಐದು ಸಾವಿರ ಜನ ಆಯಿತು. ಎಲ್ಲರೂ ತಿಂಗಳಿಗೊಮ್ಮೆ ಮಾತ್ರೆಗೆ ಬಂದರೆ, ಕೆಲಸದ ದಿನ 25 ಅಂತ ಹಿಡಿದು, ದಿನಕ್ಕೆ 200 ಮಂದಿ. ಬರೀ ಬಿಪಿಗೆ! ಶುಗರ್ ಇನ್ನೂ ಎಣಿಸಿಲ್ಲ. ನೆಗಡಿ, ನಾಯಿ ಕಡಿತ, ಬಾಣಂತಿ, ಮೀಟಿಂಗು, ವಿಡಿಯೊ ಕಾನ್ಫರೆನ್ಸು ಯಾವುದನ್ನೂ ಎಣಿಸಿಲ್ಲ. ಡಾಕ್ಟರು ಒಬ್ಬರೇ. ದಿನಕ್ಕೊಂದು ಮಾತ್ರೆಯಂತೆ ಆ ಐದು ಸಾವಿರ ಜನಕ್ಕೆ ತಿಂಗಳಿಗೆ ಒಂದೂವರೆ ಲಕ್ಷ ಮಾತ್ರೆ ಬೇಕು. ನಿಮ್ಮೂರ ಆಸ್ಪತ್ರೆಯ ಔಷಧಿ ಕೋಣೆಗೆ ಹೋಗಿ ಒಮ್ಮೆ ನೋಡಿ. ಆ ಕಪಾಟನ್ನು ಯಾರೂ ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಮಾಡಿಸಿಲ್ಲ.

ಹಾಗಾಗಿ ಏನಾಗುತ್ತದೆ? ನಾನು ಕಂಡಿದ್ದನ್ನು ಹೇಳುತ್ತೇನೆ, ಯಾವ ಊರು ಅಂತ ಬೇಡ. ಕೂಲಿ ಮಾಡುವ ಹೆಂಗಸು, ಐವತ್ತರ ಆಸುಪಾಸು. ಬೆಳಿಗ್ಗೆ ಬಸ್ಸು ಹಿಡಿದು ಬಂದು ಚೀಟಿ ಮಾಡಿಸಿದರು, ಸಾಲಿನಲ್ಲಿ ಕೂತರು. ಡಾಕ್ಟರು ಒಂದು ತಿಂಗಳಿಗೆ ಬರೆದುಕೊಟ್ಟರು. ಔಷಧಿ ಕಿಟಕಿಯಲ್ಲಿ ಸಿಕ್ಕಿದ್ದು ಒಂದು ಸ್ಟ್ರಿಪ್, ಹತ್ತು ಮಾತ್ರೆ. 'ಸ್ಟಾಕ್ ಕಮ್ಮಿ ಐತೆ ಅಮ್ಮ, ಹತ್ತು ದಿನ ಬಿಟ್ಟು ಬನ್ನಿ' ಎಂದರು. ಫಾರ್ಮಸಿಸ್ಟ್ ಮಾತಿನಲ್ಲಿ ಒರಟುತನ ಇರಲಿಲ್ಲ. ಇದ್ದಷ್ಟನ್ನು ಎಲ್ಲರಿಗೂ ಹಂಚುತ್ತಿದ್ದರು, ಪಾಪ. ಆದರೆ ಆ ಹೆಂಗಸಿಗೆ ಹತ್ತು ದಿನಕ್ಕೊಮ್ಮೆ ಬರುವುದೆಂದರೆ ತಿಂಗಳಿಗೆ ಮೂರು ದಿನದ ಕೂಲಿ, ಮೂರು ಸಲ ಬಸ್ ಚಾರ್ಜು. ಒಂದು ರೂಪಾಯಿಗೂ ಕಡಿಮೆ ಬೆಲೆಗೆ ಸರ್ಕಾರ ಕೊಳ್ಳುವ ಮಾತ್ರೆಗೆ ಅವರು ತೆರುತ್ತಿದ್ದ ಬೆಲೆ ಅದು. ಮಾತ್ರೆ ಮುಗಿದರೂ ತಲೆಸುತ್ತು ಇಲ್ಲ, ನೋವಿಲ್ಲ. ನೀವಾಗಿದ್ದರೆ ಮತ್ತೆ ಬರುತ್ತಿದ್ದಿರಾ? ಇಂಥವರನ್ನು ನಾವು 'ಜನರಿಗೆ ತಿಳಿವಳಿಕೆ ಇಲ್ಲ' ಎಂಬ ಖಾತೆಗೆ ಹಾಕುತ್ತೇವೆ. ಇವರ ತಿಳಿವಳಿಕೆ ಚೆನ್ನಾಗಿಯೇ ಇದೆ, ಲೆಕ್ಕ ಹಾಕಿಯೇ ಬಿಟ್ಟಿದ್ದಾರೆ.

ಜನ ಬರುವುದಿಲ್ಲ ಎಂಬ ದೂರು ಹೊಸದೂ ಅಲ್ಲ. ಅದನ್ನು ಅಳೆದು ಸುಳ್ಳು ಎಂದು ತೋರಿಸಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. ಅಲ್ಲಿದ್ದ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರನ್ನು ಮಾತನಾಡಿಸಿ, 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರ ಕೈಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ಬುನಾದಿ ಇಂಥ ಅಧ್ಯಯನಗಳ ಮೇಲೆ ನಿಂತಿದೆ. ಅರವತ್ತು ವರ್ಷಗಳಾದ ಮೇಲೂ ಬಿಪಿಯ ವಿಷಯದಲ್ಲಿ ನಾವು ಅದೇ ಕಿಟಕಿಯ ಮುಂದೆ ನಿಂತಿದ್ದೇವೆ. ಜನ ಬರುತ್ತಾರೆ, ಉಳಿಸಿಕೊಳ್ಳುವುದು ನಮಗೆ ಬರುವುದಿಲ್ಲ.

ಹಾಗಾದರೆ ಸುಧಾರಣೆಯ ಹೆಸರಿನಲ್ಲಿ ನಾವು ಮಾಡಿದ್ದೇನು? ಮುಖ್ಯವಾಗಿ ಆಸ್ಪತ್ರೆ ಖರ್ಚು ಭರಿಸುವ ಯೋಜನೆಗಳ ಕಾರ್ಡು ಕೊಟ್ಟೆವು. 2003ರಲ್ಲಿ ಯಶಸ್ವಿನಿ, 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ್. ಕಾರ್ಡುಗಳನ್ನು ನಾನು ಹೀಗಳೆಯುವುದಿಲ್ಲ. ವಾಜಪೇಯಿ ಆರೋಗ್ಯಶ್ರೀ ಇದ್ದ ಹಳ್ಳಿಗಳನ್ನೂ ಗಡಿಯ ಆಚೆ ಅದು ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಗಣನೀಯವಾಗಿ ಇಳಿದದ್ದು ಅದರಲ್ಲಿ ಕಂಡಿತು. ಹೃದಯದ ಆಪರೇಷನ್ ಬೇಕಾದವರಿಗೆ ಕಾರ್ಡು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಕಾರ್ಡುಗಳೆಲ್ಲ ಕೆಲಸ ಶುರು ಮಾಡುವುದು ರೋಗಿ ವಾರ್ಡಿನಲ್ಲಿ ಮಲಗಿದ ಮೇಲೆ. ಆಯುಷ್ಮಾನ್ ಭಾರತದ ಐದು ಲಕ್ಷ ರೂಪಾಯಿಯ ವಿಮೆ ದಾಖಲಾಗುವ ಮುಂಚಿನ ಮೂರು ದಿನ, ಬಿಡುಗಡೆಯಾದ ಮೇಲಿನ ಹದಿನೈದು ದಿನ ನೋಡಿಕೊಳ್ಳುತ್ತದೆ. ಹದಿನಾರನೇ ದಿನದಿಂದ ಸಾಯುವವರೆಗೂ ನುಂಗಬೇಕಾದ ಮಾತ್ರೆಯ ಮಾತು ಅದರಲ್ಲಿಲ್ಲ. ಸ್ಟೆಂಟಿಗೆ ಸರ್ಕಾರದ ದುಡ್ಡು, ಆ ಸ್ಟೆಂಟ್ ಬೇಡವಾಗಿಸಬಹುದಾಗಿದ್ದ ಬಿಪಿ ಮಾತ್ರೆ ಮೆಡಿಕಲ್‌ನಲ್ಲಿ ಸ್ವಂತ ದುಡ್ಡು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64 ಇದ್ದದ್ದು 2021-22ಕ್ಕೆ ಶೇ 39ಕ್ಕೆ ಬಂದಿದೆ. ಒಳ್ಳೆಯದೇ. ಉಳಿದಿರುವ ಆ 39ರಲ್ಲಿ ಔಷಧಿ ಅಂಗಡಿಯ ಪಾಲು ಎಷ್ಟೆಂದು ನಿಮ್ಮ ಮನೆಯ ಖರ್ಚನ್ನೇ ನೋಡಿ ಹೇಳಬಹುದು.

ಹೃದಯದ ವಿಷಯ ಬಂತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹರಿದಾಡಿದಾಗ ಮೈಸೂರು, ಬೆಂಗಳೂರಿನಲ್ಲಿ ಮತ್ತದೇ ಸಾಲು. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲವೆಂದು ತಜ್ಞರ ಸಮಿತಿ ಹೇಳಿತು, ಸಾಲು ಕರಗಿತು. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆ ನಿಜಕ್ಕೂ ಒಳ್ಳೆಯದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದ ಡಾಕ್ಟರಿಗೆ ಕಳಿಸಿ, ಹತ್ತಾರು ಸಾವಿರ ಬೆಲೆಯ ಇಂಜೆಕ್ಷನನ್ನು ಪುಕ್ಕಟೆ ಕೊಡುತ್ತಾರೆ. ಆದರೆ ಅದು ಎದೆನೋವು ಬಂದ ಮೇಲಿನ ಮಾತು. ಆ ಸಾಲುಗಳಲ್ಲಿ ನಿಂತವರಲ್ಲಿ ಎಷ್ಟು ಜನ ತಮ್ಮೂರ ಆರೋಗ್ಯ ಉಪಕೇಂದ್ರದಲ್ಲಿ ಎಂದಾದರೂ ಬಿಪಿ ನೋಡಿಸಲು ತೋಳಿಗೆ ಪಟ್ಟಿ ಕಟ್ಟಿಸಿಕೊಂಡಿದ್ದರು?

ಈಗ ಸ್ವಲ್ಪ ಥಾಯ್ಲೆಂಡಿಗೆ ಹೋಗಿ ಬರೋಣ. ಅಲ್ಲಿನ '30 ಬಾತ್' ಯೋಜನೆಯ ಹೆಸರು ಎಲ್ಲರೂ ಕೇಳಿರುತ್ತಾರೆ. 2001ರಲ್ಲಿ ತಕ್ಸಿನ್ ಶಿನವತ್ರ ಚುನಾವಣೆ ಗೆದ್ದು ಪ್ರಧಾನಿಯಾದರು, ಕೆಲವೇ ಪ್ರಾಂತ್ಯಗಳಲ್ಲಿ ಶುರುಮಾಡಿದ ಯೋಜನೆ ಮರುವರ್ಷವೇ ದೇಶವನ್ನೆಲ್ಲ ವ್ಯಾಪಿಸಿತು. ಆಸ್ಪತ್ರೆಗೆ ಹೋದರೆ 30 ಬಾತ್ (ಬಾತ್ ಅಲ್ಲಿನ ನಾಣ್ಯ), ಅಷ್ಟೇ. ಆಗ ಅಲ್ಲಿನ ತಲಾ ಆದಾಯ ಸುಮಾರು 2,000 ಡಾಲರ್. ಡಾಲರಿನ ಲೆಕ್ಕದಲ್ಲಿ ನಾವು ಇವತ್ತು ಅದನ್ನು ದಾಟಿದ್ದೇವೆ. ಹಾಗಾಗಿ 'ನಮ್ಮದು ಬಡ ದೇಶ' ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ.

ರಾಜಕಾರಣಿಗಳು ಹೇಳುವ ಕಥೆ ಇಲ್ಲಿಂದ ಶುರುವಾಗುತ್ತದೆ. ನಿಜವಾದ ಕಥೆ ಅದಕ್ಕೂ ಮೂವತ್ತು ವರ್ಷ ಹಿಂದಿನದು. 1970ರ ದಶಕದ ಆರಂಭದಲ್ಲೇ ಅಲ್ಲಿ ವೈದ್ಯ ಪದವಿ ಪಡೆದವರು ಮೂರು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಟ್ಟಳೆ ಬಂತು. ಹಳ್ಳಿಗೆ ಹೋದ ಯುವ ಡಾಕ್ಟರುಗಳು ಸುಮ್ಮನೆ ಕೂರದೆ ಗ್ರಾಮೀಣ ವೈದ್ಯರ ಬಳಗ ಕಟ್ಟಿಕೊಂಡರು, ಸಚಿವಾಲಯದೊಳಗೂ ಹೋಗಿ ಕೂತರು. 1980ರ ದಶಕದಲ್ಲಿ ಸರ್ಕಾರ ಐದು ವರ್ಷ ಪಟ್ಟಣಗಳ ದೊಡ್ಡ ಆಸ್ಪತ್ರೆಗಳ ಹೊಸ ಕಟ್ಟಡಗಳಿಗೆ ದುಡ್ಡು ನಿಲ್ಲಿಸಿ, ಅದನ್ನು ಜಿಲ್ಲೆಗಳ ಸಣ್ಣ ಆಸ್ಪತ್ರೆಗಳಿಗೂ ಆರೋಗ್ಯ ಕೇಂದ್ರಗಳಿಗೂ ಹಾಕಿತು. ಇದನ್ನು ಇಲ್ಲಿ ಊಹಿಸಿಕೊಳ್ಳಿ: ಬೆಂಗಳೂರಿನಲ್ಲಿ ಐದು ವರ್ಷ ಹೊಸ ಸೂಪರ್ ಸ್ಪೆಷಾಲಿಟಿ ಕಟ್ಟಡವಿಲ್ಲ, ಇದ್ದಬದ್ದದ್ದೆಲ್ಲ ಸಿಂಧನೂರಿಗೂ ಪಾವಗಡಕ್ಕೂ! ಯಾವ ಮಂತ್ರಿಗೆ ಈ ಧೈರ್ಯ ಬಂದೀತು?

ಹೀಗೆ ಕಾರ್ಡು ಬರುವ ಹೊತ್ತಿಗೆ ಕಾರ್ಡು ಹಿಡಿದು ಹೋಗಲು ಹತ್ತಿರದಲ್ಲೊಂದು ಆಸ್ಪತ್ರೆ ಅಲ್ಲಿತ್ತು. ಯೋಜನೆಯ ರೂವಾರಿ ಡಾ. ಸಂಗುವಾನ್ ನಿತ್ಯಾರಂಫೊಂಗ್ ಅದೇ ಗ್ರಾಮೀಣ ವೈದ್ಯರ ಬಳಗದವರು. ಅವರು ಹಣ ಹಂಚಿದ ರೀತಿ ನೋಡಿ. 2002ರಲ್ಲಿ ತಲೆಗೆ 1,202 ಬಾತ್‌ನಂತೆ, ಪ್ರತಿ ಜಿಲ್ಲೆಯ ಆಸ್ಪತ್ರೆ ಮತ್ತು ಅದರ ಕೆಳಗಿನ ಆರೋಗ್ಯ ಕೇಂದ್ರಗಳ ಜಾಲಕ್ಕೆ ಅಲ್ಲಿ ನೋಂದಾಯಿಸಿಕೊಂಡ ಜನರ ಲೆಕ್ಕದಲ್ಲಿ ವರ್ಷದ ಹಣ ಮೊದಲೇ ಗೊತ್ತಾಯಿತು. ರೋಗಿ ಬರಲಿ, ಬಿಡಲಿ. ಹೊರರೋಗಿಗಳ ಚಿಕಿತ್ಸೆ, ಮಾತ್ರೆ ಎಲ್ಲ ಅದರೊಳಗೇ. ಹಾಗಿದ್ದಾಗ ಒಬ್ಬರಿಗೆ ಲಕ್ವ ಹೊಡೆದರೆ ಆ ಆಸ್ಪತ್ರೆಗೇ ನಷ್ಟ. ನಮ್ಮ ವಿಮೆಯಲ್ಲಿ ಆಸ್ಪತ್ರೆಗೆ ದುಡ್ಡು ಬರುವುದು ಪ್ಯಾಕೇಜಿನ ಲೆಕ್ಕದಲ್ಲಿ. ರೋಗಿಯ ಕಾಯಿಲೆ ಉಲ್ಬಣವಾದಷ್ಟೂ ಬಿಲ್ಲು ದೊಡ್ಡದು. ಡಾಕ್ಟರುಗಳು ಕೆಟ್ಟವರು ಎನ್ನುತ್ತಿಲ್ಲ, ದುಡ್ಡು ಹರಿಯುವ ಕಾಲುವೆ ಯಾವ ಕಡೆಗೆ ತೋಡಿದೆ ಎನ್ನುತ್ತಿದ್ದೇನೆ.

2006ರಲ್ಲಿ ಸೇನೆ ತಕ್ಸಿನ್ ಸರ್ಕಾರವನ್ನು ಕಿತ್ತೊಗೆಯಿತು. ಯೋಜನೆಗೆ ಕೈ ಹಚ್ಚಲಿಲ್ಲ, ಬದಲಿಗೆ ಆ 30 ಬಾತ್ ಶುಲ್ಕವನ್ನೇ ತೆಗೆದುಹಾಕಿತು. ಅಷ್ಟರಲ್ಲಿ ಅದು ಜನರ ಹಕ್ಕಾಗಿಬಿಟ್ಟಿತ್ತು. 2008ರಲ್ಲಿ ಡಯಾಲಿಸಿಸ್ ಕೂಡ ಸೇರಿತು, ಅದೂ ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಬಗೆಯದು. ದ್ರಾವಣದ ಚೀಲಗಳು ಅಂಚೆಯಲ್ಲಿ ಮನೆ ಬಾಗಿಲಿಗೆ. ಜನರ ಜೇಬಿನ ಪಾಲು ಮೂರನೇ ಒಂದರಷ್ಟಿದ್ದದ್ದು ಹತ್ತನೇ ಒಂದರ ಸುತ್ತಮುತ್ತ ಬಂದಿತು.

ಥಾಯ್ಲೆಂಡ್ ಸ್ವರ್ಗವೇನಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ನೂಕುನುಗ್ಗಲು ಹೆಚ್ಚಿತು, ಡಾಕ್ಟರುಗಳು ಬ್ಯಾಂಕಾಕ್‌ನ ಖಾಸಗಿ ಆಸ್ಪತ್ರೆಗಳಿಗೆ ಓಡಿದರು, ಎಷ್ಟೋ ಆಸ್ಪತ್ರೆಗಳು ಸಾಲಕ್ಕೆ ಬಿದ್ದವು. ಬಿಪಿ ಇದ್ದೂ ಗೊತ್ತಿಲ್ಲದವರು ಅಲ್ಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹತ್ತಿರ ಆಸ್ಪತ್ರೆ ಇದ್ದು, ದುಡ್ಡಿನ ಚಿಂತೆ ಇಲ್ಲದಿದ್ದರೂ ಬಾರದವರನ್ನು ಹುಡುಕುವ ಕೆಲಸ ತಾನಾಗಿಯೇ ಆಗುವುದಿಲ್ಲ ಎಂದಾಯಿತು.

ಆ ಕೆಲಸ ನಮಗೆ ಬರುತ್ತದೆಯೇ? ಬರುತ್ತದೆ, ಆಗಲೇ ಮಾಡುತ್ತಿದ್ದೇವೆ. ಆಶಾ ಕಾರ್ಯಕರ್ತೆಯ ಕೈಯಲ್ಲಿ ಲಸಿಕೆ ಬಾಕಿ ಇರುವ ಮಕ್ಕಳ ಪಟ್ಟಿ ಇರುತ್ತದೆ. ಯಾರ ಮಗು ಬರಲಿಲ್ಲವೋ ಆ ಮನೆ ಬಾಗಿಲಿಗೆ ಅವರೇ ಹೋಗುತ್ತಾರೆ. ತಾಯಿ ಕಾರ್ಡಿನಲ್ಲಿ ಗರ್ಭಿಣಿಯ ತಪಾಸಣೆಯ ದಿನಾಂಕಗಳಿರುತ್ತವೆ. ಇದಕ್ಕಿಂತ ದೊಡ್ಡ ಉದಾಹರಣೆ ಎಚ್‌ಐವಿ. 2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಗಳ ಉಚಿತ ಚಿಕಿತ್ಸೆ (ಎಆರ್‌ಟಿ) ಶುರುಮಾಡಿದಾಗ ಜೀವನಪರ್ಯಂತ ಮಾತ್ರೆ ಕೊಡುವುದು ಭಾರತದಂಥ ದೇಶದಲ್ಲಿ ಆಗುವ ಮಾತೇ ಎಂದವರಿದ್ದರು. ಇವತ್ತು ಯಾವುದೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ನೋಡಿ. ಪ್ರತಿಯೊಬ್ಬರಿಗೂ ಕೇಂದ್ರದಲ್ಲಿ ಒಂದು ಬಿಳಿ ಕಾರ್ಡು, ರೋಗಿಯ ಕೈಯಲ್ಲಿ ಹಸಿರು ಪುಸ್ತಕ. ಹೇಳಿದ ದಿನ ಬರದಿದ್ದರೆ ಫೋನು, ಫೋನು ಎತ್ತದಿದ್ದರೆ ಊರಿಗೆ ಒಬ್ಬರು ಹೋಗುತ್ತಾರೆ. ಗಟ್ಟಿಮುಟ್ಟಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೇ. ಅಷ್ಟು ಕಳಂಕ ಹೊತ್ತ ಕಾಯಿಲೆಗೆ ಇಷ್ಟು ಅಚ್ಚುಕಟ್ಟು ವ್ಯವಸ್ಥೆ ಸಾಧ್ಯವಾಗಿರುವಾಗ, ಯಾರೂ ಮುಚ್ಚಿಡದ ಬಿಪಿಗೆ ಯಾಕಾಗದು? ಊರ ಹಾಲಿನ ಡೈರಿಯ ಕಾರ್ಯದರ್ಶಿಗೆ ಎರಡು ದಿನದಿಂದ ಯಾರು ಹಾಲು ಹಾಕಿಲ್ಲ ಎಂಬುದು ಪುಸ್ತಕ ತೆರೆಯದೆಯೇ ಗೊತ್ತಿರುತ್ತದೆ.

ಬಿಪಿಗೂ ಹೀಗೆ ಮಾಡಿ ನೋಡಿದ್ದಾರೆ. ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವನ್ನು 2017-18ರ ಹೊತ್ತಿಗೆ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರದ ಕೆಲವು ಜಿಲ್ಲೆಗಳಲ್ಲಿ ಶುರುಮಾಡಿದರು, ಆಮೇಲೆ ಬೇರೆ ರಾಜ್ಯಗಳಿಗೂ ಬಂತು. ಎಲ್ಲರಿಗೂ ಒಂದೇ ಕ್ರಮದ ಔಷಧಿ. ಬಹುತೇಕ ಮೊದಲು ಆಮ್ಲೊಡಿಪಿನ್, ಇಳಿಯದಿದ್ದರೆ ಟೆಲ್ಮಿಸಾರ್ಟನ್ ಸೇರಿಸುವುದು. ಡಾಕ್ಟರಿಗೊಂದು ಬ್ರ್ಯಾಂಡ್ ಇಲ್ಲದಿದ್ದಾಗ ಎಷ್ಟು ಮಾತ್ರೆ ತರಿಸಬೇಕೆಂಬ ಇಂಡೆಂಟ್ ಹಾಕುವುದು ಸಲೀಸು. ಮನೆಯ ಹತ್ತಿರದ ಕೇಂದ್ರದಲ್ಲೇ ನರ್ಸ್ ಬಿಪಿ ನೋಡಿ ಮಾತ್ರೆ ಕೊಡುತ್ತಾರೆ. ಮೊದಲಿನ ನಮ್ಮ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ಐದು ಸಾವಿರ ಜನರನ್ನು ಆ ಕೇಂದ್ರದ ಕೆಳಗಿನ ಆರು ಉಪಕೇಂದ್ರಗಳಿಗೆ ಹಂಚಿದರೆ ಒಂದೊಂದಕ್ಕೆ ದಿನಕ್ಕೆ 33 ಮಂದಿ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ 11. ಇದು ಮಾಡಬಹುದಾದ ಕೆಲಸ. ನೋಂದಾಯಿಸಿಕೊಂಡವರಲ್ಲಿ ಅರ್ಧಕ್ಕೆ ಸಮೀಪ ಜನರ ಬಿಪಿ ಹತೋಟಿಗೆ ಬಂತು. ಅರ್ಧ ಮಾತ್ರವೇ ಎಂದು ಕೇಳಬಹುದು. ಮುಂಚೆ ಎಷ್ಟಿತ್ತೆಂದು ಲೆಕ್ಕವನ್ನೇ ಇಟ್ಟಿರಲಿಲ್ಲ.

ಮಾತ್ರೆ ಸರಬರಾಜಿಗೆ ದೂರ ಹೋಗಬೇಕಿಲ್ಲ, ಪಕ್ಕದ ತಮಿಳುನಾಡು ಸಾಕು. 1994ರಲ್ಲಿ ಅಲ್ಲಿ ವೈದ್ಯಕೀಯ ಸೇವಾ ನಿಗಮ ಶುರುವಾಯಿತು. ರಾಜ್ಯಕ್ಕೆಲ್ಲ ಒಂದೇ ಟೆಂಡರು, ಜಿಲ್ಲೆಗಳಲ್ಲಿ ಉಗ್ರಾಣ, ಪ್ರತಿ ಬ್ಯಾಚಿನ ಗುಣಮಟ್ಟ ಪರೀಕ್ಷೆ. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಇರುತ್ತದೆ, ಅದರಲ್ಲಿರುವ ಮೊತ್ತದ ಮಿತಿಯೊಳಗೆ ತನಗೆ ಬೇಕಾದ್ದನ್ನು ಬೇಕಾದಷ್ಟು ಎತ್ತಿಕೊಳ್ಳಬಹುದು. ಮೇಲಿನಿಂದ ಕಳಿಸಿದ್ದನ್ನು ಇಟ್ಟುಕೊಳ್ಳುವುದಕ್ಕೂ ಇದಕ್ಕೂ ಅಜಗಜಾಂತರ. ನಮ್ಮಲ್ಲೂ ನಿಗಮವಿದೆ, ಉಗ್ರಾಣಗಳಿವೆ. ಟೆಂಡರು ತಡವಾದ ವರ್ಷ ಆ ಕೂಲಿ ಹೆಂಗಸಿನ ಹತ್ತು ಮಾತ್ರೆ ಐದಾಗುತ್ತದೆ.

ಸಭೆಯಲ್ಲಿ ಒಬ್ಬರು ಕೇಳಿದರು: 'ಮಾತ್ರೆಯ ಮಾತೇ ಆಯಿತಲ್ಲ ಸಾರ್, ಊಟ, ವ್ಯಾಯಾಮ?' ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಎನ್ನುತ್ತದೆ, ನಾವು ಅದರ ಸುಮಾರು ಎರಡರಷ್ಟು ತಿನ್ನುತ್ತೇವೆ. ಆದರೆ ಉಪ್ಪಿನಕಾಯಿ ಬಿಡಿ ಎಂದು ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸರ್ಕಾರಕ್ಕೆ ಸುಲಭದ ದಾರಿ. ಥಾಯ್ಲೆಂಡ್ 2001ರಲ್ಲಿ ಹೆಂಡ, ತಂಬಾಕಿನ ತೆರಿಗೆಯ ಮೇಲೆ ಶೇ 2ರಷ್ಟು ಹೆಚ್ಚುವರಿ ವಸೂಲಿ ಮಾಡಿ ಆರೋಗ್ಯ ಪ್ರಚಾರಕ್ಕೇ ಮೀಸಲಿಟ್ಟಿತು. ಹಾಗೆ ದುಡ್ಡಿಟ್ಟು ಮಾತಾಡಿದರೆ ಕೇಳೋಣ.

ಇನ್ನೊಬ್ಬರು, ನಿವೃತ್ತ ಮೇಷ್ಟ್ರು: 'ಡಾಕ್ಟರು ನೋಡದೆ ನರ್ಸಮ್ಮ ಮಾತ್ರೆ ಕೊಟ್ಟರೆ ಅಪಾಯವಲ್ಲವೇ?' ಶುರು ಮಾಡುವುದು ಡಾಕ್ಟರೇ, ಏರುಪೇರಾದರೆ ನೋಡುವವರೂ ಅವರೇ. ಹತೋಟಿಯಲ್ಲಿರುವವರಿಗೆ ಅದೇ ಮಾತ್ರೆ ಮುಂದುವರಿಸಲು ಡಾಕ್ಟರು ಯಾಕೆ? ಈಗ ಎಷ್ಟೋ ಜನ ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತರುತ್ತಾರೆ, ಅಲ್ಲಿ ಬಿಪಿ ನೋಡುವವರೂ ಇಲ್ಲ. ಅಪಾಯ ಹೆಚ್ಚಿರುವುದು ಅಲ್ಲಿ.

ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯದ ಬಗ್ಗೆಯೂ ಕೇಳಿದರು. 2024ರಲ್ಲಿ ಕೋಲಾರದಲ್ಲಿ ಶುರುವಾದ ಯೋಜನೆ, ಉದ್ದೇಶ ಸರಿಯಾದದ್ದೇ. ನನ್ನ ಅನುಮಾನ ಒಂದೇ: ಇಷ್ಟು ಲಕ್ಷ ಜನರ ತಪಾಸಣೆ ಆಯಿತು ಎಂದು ಜಾಹೀರಾತು ಹಾಕುವುದು ಸುಲಭ. ಕಾಯಿಲೆ ಇದೆ ಎಂದು ಹೇಳಿ ಮಾತ್ರೆ ಕೊಡದೆ ಬಿಟ್ಟರೆ ಅವರಿಗೆ ಚಿಂತೆಯೊಂದನ್ನು ಕೊಟ್ಟಂತಾಯಿತು ಅಷ್ಟೇ.

ಕೊನೆಗೆ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ಎದ್ದು ನಿಂತರು. 'ಇದೆಲ್ಲ ದೊಡ್ಡೋರ ಮಾತಾಯ್ತು. ನಮ್ಮ ಆಸ್ಪತ್ರೆ ಆರೋಗ್ಯ ರಕ್ಷಾ ಸಮಿತಿ ಮೀಟಿಂಗಲ್ಲಿ ನಾನು ಏನು ಕೇಳ್ಬೇಕು, ಅದ್ ಹೇಳಿ.' ಅವತ್ತಿನ ಅತ್ಯುತ್ತಮ ಪ್ರಶ್ನೆ ಅದು. ನಾನು ಹೇಳಿದೆ: ಕಟ್ಟಡಕ್ಕೆ ಸುಣ್ಣ ಬಳಿಯುವ ವಿಷಯ ಎಲ್ಲರೂ ಎತ್ತುತ್ತಾರೆ, ನೀವು ಮೂರು ಸಂಖ್ಯೆ ಕೇಳಿ. ಬಿಪಿ ರಿಜಿಸ್ಟರಿನಲ್ಲಿ ಎಷ್ಟು ಜನರ ಹೆಸರಿದೆ? ಅವರಲ್ಲಿ ಕಳೆದ ಮೂರು ತಿಂಗಳಲ್ಲಿ ಎಷ್ಟು ಜನ ಬಂದರು? ಬಂದವರಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗೆ, ಅಂದರೆ ಹತೋಟಿಯಲ್ಲಿದೆ? ಉತ್ತರ ಕೊಡಲು ಅವರಿಗೆ ಆಗದಿದ್ದರೆ ಬೈಯಬೇಡಿ, ಮುಂದಿನ ಮೀಟಿಂಗಿಗೆ ತರಲು ಹೇಳಿ ನಡಾವಳಿಯಲ್ಲಿ ಬರೆಸಿ. ಉತ್ತರ ಬಂದರೆ, ಬಾರದವರ ಹೆಸರುಗಳನ್ನು ಊರುವಾರು ಆಶಾ ಕಾರ್ಯಕರ್ತೆಯರಿಗೆ ಕೊಡಿಸಿ, ಅದಕ್ಕಾಗಿ ಓಡಾಡುವ ಅವರ ದುಡ್ಡು ತಿಂಗಳುಗಟ್ಟಲೆ ಬಾಕಿ ಇದ್ದರೆ ಅದನ್ನೂ ಅದೇ ಮೀಟಿಂಗಿನಲ್ಲಿ ಎತ್ತಿ. ಆಕೆ ಮೂರೂ ಪ್ರಶ್ನೆಗಳನ್ನು ಬರೆದುಕೊಂಡು, ನಾಲ್ಕನೆಯದಾಗಿ 'ಸ್ಟಾಕ್ ಎಷ್ಟು ದಿನಕ್ಕಿದೆ' ಎಂದು ತಾವೇ ಸೇರಿಸಿದರು.